ಬಿಸಿಯಾದ ಮೇಲೆ ಬಡಿಯುವ ಎಂಜಿನ್: ಬಿಚ್ಚಿಸುವ ಮೊದಲು ಆಯಿಲ್ ಒತ್ತಡ ನೋಡಿಸಿ

ಬೆಳಿಗ್ಗೆ ಅರಸೀಕೆರೆಯಲ್ಲಿ ಸ್ಟಾರ್ಟ್ ಮಾಡಿದಾಗ ಕಾರಿನಲ್ಲಿ ಯಾವ ಸದ್ದೂ ಇರುವುದಿಲ್ಲ. ಬಾಣಾವರ, ಜಾವಗಲ್ ದಾಟಿ ಹಳೇಬೀಡಿನ ದೇವಸ್ಥಾನದ ಹತ್ತಿರ ನಿಲ್ಲಿಸುವ ಹೊತ್ತಿಗೆ ಬಾನೆಟ್ಟಿನೊಳಗಿಂದ ‘ಟಕ್ ಟಕ್’ ಎಂದು ಶುರುವಾಗುತ್ತದೆ. ಆಫ್ ಮಾಡಿ, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದು ಮಾಯ. ಗ್ಯಾರೇಜಿಗೆ ಹೋದರೆ ಒಬ್ಬರು ಟ್ಯಾಪೆಟ್ ಅನ್ನುತ್ತಾರೆ, ಇನ್ನೊಬ್ಬರು ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅನ್ನುತ್ತಾರೆ. ದಪ್ಪ ಆಯಿಲ್ ಹಾಕಿಸಿಬಿಡಿ, ಸರಿಹೋಗುತ್ತದೆ ಎನ್ನುವವರೂ ಸಿಗುತ್ತಾರೆ. ಈ ಮೂರರಲ್ಲಿ ಯಾವುದನ್ನು ನಂಬಬೇಕು ಎಂಬುದನ್ನು ನೀವೇ ಮುಕ್ಕಾಲು ಪಾಲು ಪರೀಕ್ಷಿಸಿ ತಿಳಿಯಬಹುದು. ಅದಕ್ಕೆ ಕಿವಿ, ಡಿಪ್‌ಸ್ಟಿಕ್, ಉದ್ದನೆಯ ಒಂದು ಸ್ಕ್ರೂಡ್ರೈವರ್ ಸಾಕು. ಉಳಿದ ಕಾಲು ಪಾಲಿಗೆ ಗ್ಯಾರೇಜಿನಲ್ಲಿ ಆಯಿಲ್ ಪ್ರೆಷರ್ ಗೇಜ್ ಇರಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಣ್ಣಗಿದ್ದಾಗ ಬಂದು ಬಿಸಿಯಾದಂತೆ ಹೋಗುವ ಸದ್ದಿಗೆ ಸಾಮಾನ್ಯವಾಗಿ ಕಾಯಬಹುದು. ತಣ್ಣಗಿದ್ದಾಗ ಇಲ್ಲದೆ ಬಿಸಿಯಾದ ಮೇಲೆ ಬರುವ ಸದ್ದಿಗೆ ಕಾಯಬಾರದು.

ಬಿಸಿಗೂ ಸದ್ದಿಗೂ ಏನು ಸಂಬಂಧ?

ಕ್ರ್ಯಾಂಕ್‌ಶಾಫ್ಟ್ ಮತ್ತು ಅದರ ಬೇರಿಂಗ್ ಶೆಲ್ ನಡುವೆ ಬಿಡುವ ಸಂದು ಕೂದಲೆಳೆಗಿಂತ ಕಿರಿದು. ಸಾಮಾನ್ಯ ಕಾರುಗಳಲ್ಲಿ ಒಂದು ಮಿಲಿಮೀಟರಿನ ನೂರರಲ್ಲಿ ಮೂರ್ನಾಲ್ಕು ಭಾಗ. ಆ ಸಂದಿನಲ್ಲಿ ಪಂಪ್ ತಳ್ಳಿದ ಆಯಿಲ್ ತುಂಬಿರುತ್ತದೆ. ಎಂಜಿನ್ ತಿರುಗುವಾಗ ಲೋಹಕ್ಕೆ ಲೋಹ ತಾಗುವುದಿಲ್ಲ, ಕ್ರ್ಯಾಂಕ್ ಆ ಆಯಿಲ್ ಪೊರೆಯ ಮೇಲೆ ತೇಲುತ್ತದೆ. ಬೇರಿಂಗ್ ಸವೆದು ಸಂದು ಹಿಗ್ಗಿದರೆ, ಪ್ರತಿ ಸ್ಫೋಟಕ್ಕೂ ಕನೆಕ್ಟಿಂಗ್ ರಾಡ್ ಆ ಪೊರೆಯನ್ನು ಹರಿದು ಕ್ರ್ಯಾಂಕಿಗೆ ಬಡಿಯುತ್ತದೆ.

ಹಾಗಾದರೆ ತಣ್ಣಗಿದ್ದಾಗ ಯಾಕೆ ಬಡಿಯುವುದಿಲ್ಲ? ಆಗ ಆಯಿಲ್ ಗಟ್ಟಿಯಾಗಿರುತ್ತದೆ. 15ಡಬ್ಲ್ಯು-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಏರುವಷ್ಟರಲ್ಲಿ ಅದರ ಸ್ನಿಗ್ಧತೆ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸವೆದ ಸಂದನ್ನು ಗಟ್ಟಿ ಆಯಿಲ್ ತುಂಬಿ ಮುಚ್ಚಿಟ್ಟಿರುತ್ತದೆ, ತೆಳುವಾದ ಆಯಿಲ್ ಅದೇ ಸಂದಿನಿಂದ ಸೋರಿಹೋಗುತ್ತದೆ. ಒತ್ತಡ ಬೀಳುತ್ತದೆ, ಸದ್ದು ಹೊರಬೀಳುತ್ತದೆ.

ಪಿಸ್ಟನ್ನಿನ ಕಥೆ ಇದಕ್ಕೆ ತಿರುಗಾಮುರುಗಾ. ಅಲ್ಯೂಮಿನಿಯಂ ಪಿಸ್ಟನ್ ತಣ್ಣಗಿದ್ದಾಗ ಬೋರಿನಲ್ಲಿ ಸಡಿಲವಾಗಿದ್ದು ಕಟಕಟ ಎನ್ನುತ್ತದೆ. ಬಿಸಿಯಾಗಿ ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಅದಕ್ಕೇ ಸದ್ದು ಯಾವಾಗ ಬರುತ್ತದೆ ಎಂಬ ಪ್ರಶ್ನೆ, ಎಷ್ಟು ಜೋರಾಗಿದೆ ಎಂಬ ಪ್ರಶ್ನೆಗಿಂತ ಮುಖ್ಯ.

ನಾಕಿಂಗ್ ಎಂಬ ಇನ್ನೊಂದು ಬಡಿತ ಇದೆ, ಅದು ಸವೆತದ್ದಲ್ಲ, ಇಂಧನ ಉರಿಯುವ ಬಗೆಯದು. ಪೆಟ್ರೋಲ್–ಗಾಳಿಯ ಮಿಶ್ರಣ ಸ್ಪಾರ್ಕ್ ಪ್ಲಗ್ಗಿನಿಂದ ಹಂತಹಂತವಾಗಿ ಉರಿಯುವ ಬದಲು, ಮೂಲೆಯಲ್ಲಿ ಉಳಿದ ಭಾಗ ಬಿಸಿ ಮತ್ತು ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಇದನ್ನು ತಡೆಯಲು 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ದಾರಿ ಕಂಡುಹಿಡಿದ. ಅದರ ವಿಷ ಊರೂರಿನ ಗಾಳಿ ಸೇರಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಈಗ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಏರಿಸುವ ಕೆಲಸವನ್ನು ಬಹುಪಾಲು ಶುದ್ಧೀಕರಣ ವಿಧಾನವೂ ಎಥನಾಲೂ ಮಾಡುತ್ತಿವೆ.

ಮೊದಲ ವಿಂಗಡಣೆ: ನಿಂತಾಗಲೋ, ಏರಿನಲ್ಲೋ?

ಬೇಲೂರಿನಿಂದ ಚಿಕ್ಕಮಗಳೂರಿನ ಕಡೆ ಹೋಗಿ ಮುಳ್ಳಯ್ಯನಗಿರಿಯ ದಾರಿ ಹತ್ತುವಾಗಲೋ, ಮೂಡಿಗೆರೆ ದಾಟಿ ಚಾರ್ಮಾಡಿಯಿಂದ ವಾಪಸ್ ಏರಿ ಬರುವಾಗಲೋ, ಆಕ್ಸಲೇಟರ್ ಒತ್ತಿದಾಗ ಮಾತ್ರ ಡಬ್ಬಿಯೊಳಗೆ ಗೋಲಿ ಅಲ್ಲಾಡಿದಂತೆ ಸದ್ದು ಬಂದು ಕಾಲು ತೆಗೆದ ಕೂಡಲೇ ನಿಂತರೆ, ಅದು ಉರಿಯುವಿಕೆಯ ನಾಕಿಂಗ್. ನಿಂತಲ್ಲಿ ಐಡ್ಲಿಂಗ್‌ನಲ್ಲೇ ಬಡಿದರೆ, ಅಥವಾ ರೇಸ್ ಕೊಟ್ಟು ಬಿಡುವ ಕ್ಷಣದಲ್ಲಿ ‘ಟರ್‌ರ್’ ಎಂದು ಉದುರಿದಂತೆ ಕೇಳಿದರೆ, ಅದು ಯಾಂತ್ರಿಕ ಬಡಿತ. ಎರಡಕ್ಕೂ ಮದ್ದು ಬೇರೆ.

ಉರಿಯುವಿಕೆಯ ನಾಕಿಂಗ್ ವಿಷಯ ಬೇಗ ಮುಗಿಸುತ್ತೇನೆ. ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಸಬೇಡಿ, ಒಂದು ಗೇರ್ ಇಳಿಸಿ. ಕೂಲೆಂಟ್ ನೋಡಿ. ಅರಸೀಕೆರೆಯ ಬಯಲು ಸೀಮೆಯಲ್ಲಿ ರೇಡಿಯೇಟರಿಗೆ ಕೊಳವೆಬಾವಿಯ ನೀರನ್ನೇ ತುಂಬುವ ಅಭ್ಯಾಸ ಇನ್ನೂ ಇದೆ. ಆ ಗಡಸು ನೀರು ಒಳಗಿನ ಕಿರಿದಾದ ದಾರಿಗಳಲ್ಲಿ ಸುಣ್ಣದ ಹೊರಪದರ ಕಟ್ಟುತ್ತದೆ, ಸಿಲಿಂಡರ್ ಹೆಡ್ ಸರಿಯಾಗಿ ತಣಿಯುವುದಿಲ್ಲ, ನಾಕಿಂಗ್ ಬರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಹಳೆಯದನ್ನು ಬಸಿಸಿ ಸರಿಯಾದ ಕೂಲೆಂಟ್ ತುಂಬಿಸಿ. ಹಳೆಯ ಸ್ಪಾರ್ಕ್ ಪ್ಲಗ್, ಸಿಲಿಂಡರಿನೊಳಗಿನ ಇಂಗಾಲದ ಕಿಟ್ಟ, ಕೆಟ್ಟ ನಾಕ್ ಸೆನ್ಸರ್ ಇವೂ ಕಾರಣ. ಸ್ಕ್ಯಾನರ್‌ನಲ್ಲಿ ಪಿ0325 ಎಂಬ ಕೋಡ್ ಬಂದರೆ ಆ ಸೆನ್ಸರಿನ ಸರ್ಕ್ಯೂಟ್ ನೋಡಬೇಕು ಎಂದರ್ಥ. ಟರ್ಬೊ ಪೆಟ್ರೋಲ್ ಕಾರಾದರೆ ಕಂಪನಿ ಹೇಳಿದ ಗುಣಮಟ್ಟದ ಆಯಿಲನ್ನೇ ಹಾಕಿ. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಬಿದ್ದಾಗ ಮೊದಲೇ ಉರಿದುಬಿಡುವ ತೊಂದರೆಯನ್ನು ತಡೆಯುವ ಗುಣ 2020ರಿಂದ ಬಂದಿರುವ ‘ಎಪಿಐ ಎಸ್‌ಪಿ’ ದರ್ಜೆಯ ಆಯಿಲಿನಲ್ಲಿದೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮೇಲೆ ನಾಕಿಂಗಿನ ತಪ್ಪನ್ನೂ ಹೊರಿಸುವವರಿದ್ದಾರೆ. ಎಥನಾಲಿನ ಆಕ್ಟೇನ್ 108ರ ಆಸುಪಾಸಿನದು. ಅದು ನಾಕಿಂಗನ್ನು ಕಡಿಮೆ ಮಾಡುವ ವಸ್ತು. ಅದರಿಂದ ಹಳೆಯ ಕಾರಿನ ರಬ್ಬರ್ ಪೈಪುಗಳಿಗೆ, ಟ್ಯಾಂಕಿನಲ್ಲಿ ನೀರು ಸೇರಿದಾಗ ಆಗುವ ತೊಂದರೆಯ ಬಗ್ಗೆ ಎಚ್ಚರ ಇರಲಿ, ನಾಕಿಂಗಿಗೆ ಅದನ್ನು ದೂರಬೇಡಿ.

ನಮ್ಮ ಹಾಸನ ಜಿಲ್ಲೆಯವರಿಗೆ ಒಂದು ವಿಶೇಷ ಸೂಚನೆ. ಸಮುದ್ರಮಟ್ಟದಿಂದ 800ರಿಂದ 1000 ಮೀಟರ್ ಎತ್ತರದ ಈ ಸೀಮೆಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಸಿಲಿಂಡರಿನೊಳಗಿನ ಒತ್ತಡವೂ ಅಷ್ಟು ಕಡಿಮೆ ಇರುತ್ತದೆ. ಹಾಗಾಗಿ ಇಲ್ಲಿ ಸಣ್ಣಗೆ ನಾಕ್ ಆಗುವ ಕಾರು ಧರ್ಮಸ್ಥಳಕ್ಕೋ ಮಂಗಳೂರಿಗೋ ಇಳಿದು ಬಿಸಿಲಲ್ಲಿ ಘಾಟಿ ಏರುವಾಗ ಜೋರಾಗಿಯೇ ಬಡಿಯುತ್ತದೆ. ಹೊರಡುವ ಮೊದಲೇ ನೋಡಿಸಿಕೊಳ್ಳಿ.

ಪರೀಕ್ಷೆ: ಹಂತ ಹಂತವಾಗಿ

1. ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆಯಿರಿ. ಕಾರು ಸಮತಟ್ಟಾದ ಜಾಗದಲ್ಲಿರಲಿ. ಮಟ್ಟ ಕೆಳಗಿನ ಗುರುತಿಗಿಂತ ಇಳಿದಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆಯಿಲನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯಿರಿ: ಮಿನುಗುವ ಕಣಗಳಿದ್ದರೆ ಲೋಹ ಸವೆಯುತ್ತಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಹೊಡೆದರೆ ಇಂಧನ ಬೆರೆತು ಆಯಿಲ್ ತೆಳುವಾಗಿದೆ.

ಈ ಕೊನೆಯದು ತೋಟದ ಮನೆಯವರಿಗೆ ಹೆಚ್ಚು ಅನ್ವಯ. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ತೆಂಗಿನ ತೋಟಕ್ಕೆ ದಿನವೂ ಹೋಗಿಬರುವ ಕಾರು ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಲ್ಲಿಳಿದು ಆಯಿಲ್ ಸೇರುತ್ತದೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಸರಿಯಾಗಿಯೇ ಕಾಣುತ್ತದೆ. ಒಂದು ದಿನ ಬೆಂಗಳೂರಿಗೆ ಹೊರಟಾಗ ಆ ಪೆಟ್ರೋಲೆಲ್ಲ ಆವಿಯಾಗಿ ಮಟ್ಟ ಒಮ್ಮೆಲೇ ಇಳಿಯುತ್ತದೆ. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ ಡೀಸೆಲ್ ಆಯಿಲಿಗೆ ಬೆರೆಯುತ್ತದೆ. ಮಟ್ಟ ಏರುತ್ತಿದ್ದರೆ ಅದೂ ಅಪಾಯವೇ.

2. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ.

3. ಪೂರ್ತಿ ಬಿಸಿ ಮಾಡಿ. ಟೆಂಪರೇಚರ್ ಮುಳ್ಳು ನಡುವಿಗೆ ಬಂದರೆ ಕೂಲೆಂಟ್ ಬಿಸಿಯಾಗಿದೆ ಎಂದಷ್ಟೇ ಅರ್ಥ, ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಬೇಲೂರಿನಿಂದ ಹಳೇಬೀಡಿಗೆ ಇರುವ ಹದಿನಾರು ಕಿಲೋಮೀಟರ್ ಈ ಪರೀಕ್ಷೆಗೆ ಒಳ್ಳೆಯ ದೂರ. ಸದ್ದು ಆಗಲೇ ಜೋರಾಗಿದ್ದರೆ ಮಾತ್ರ ಓಡಿಸುವ ಸಾಹಸ ಬೇಡ.

4. ಐಡ್ಲಿಂಗ್‌ನಲ್ಲಿ ಸದ್ದನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿಕೊಂಡು, ಅದರ ಜಾಗ ಹುಡುಕಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ ಕೇಳಿ. ಮೇಲಿನ ಹೆಡ್ ಕವರಿನಲ್ಲಿ ಹಗುರವಾದ ಟಿಕ್ ಟಿಕ್ ಇದ್ದರೆ ಟ್ಯಾಪೆಟ್ ಅಥವಾ ಇಂಜೆಕ್ಟರ್. ಮುಂದಿನ ಕವರಿನಲ್ಲಿ ಸರಪಳಿ ಉಜ್ಜಿದಂತಿದ್ದರೆ ಟೈಮಿಂಗ್ ಚೈನ್. ಹಳೆಯ ಸ್ವಿಫ್ಟ್, ಡಿಜೈರ್ ಮೊದಲಾದವುಗಳಲ್ಲಿ ಬಂದ 1248 ಸಿಸಿ ಡೀಸೆಲ್ ಎಂಜಿನ್ನಿನಲ್ಲೂ ಚೈನ್ ಇದೆ, ಅದನ್ನು ಬಿಗಿಹಿಡಿಯುವುದು ಆಯಿಲ್ ಒತ್ತಡವೇ. ಕೆಳಗೆ ಆಯಿಲ್ ಚೇಂಬರಿನ ಕಡೆ ಭಾರವಾದ ‘ಡಕ್ ಡಕ್’ ಇದ್ದರೆ ಬೇರಿಂಗ್.

ಲಯವೂ ದಾರಿ ತೋರಿಸುತ್ತದೆ. ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡ್ಲಿಂಗ್ 800 ಆರ್‌ಪಿಎಂ ಇದ್ದಾಗ ಸಡಿಲಾದ ಒಂದು ಟ್ಯಾಪೆಟ್ ಸೆಕೆಂಡಿಗೆ ಆರೇಳು ಸಲ ಸದ್ದು ಮಾಡುತ್ತದೆ, ಬೇರಿಂಗ್ ಬಡಿತ ಅದಕ್ಕಿಂತ ಬಿರುಸಾಗಿ ಬರಬಹುದು. ಪಿಸ್ಟನ್ ಪಿನ್ ಸವೆದಿದ್ದರೆ ಐಡ್ಲಿಂಗ್‌ನಲ್ಲಿ ಜೋಡಿ ಬಡಿತ ಕೇಳುತ್ತದೆ.

5. ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಸದ್ದು ಬದಲಾದರೆ ಕ್ಲಚ್ಚಿನ ಬೇರಿಂಗೋ, ಕ್ರ್ಯಾಂಕಿನ ಹಿಂದುಮುಂದಿನ ಆಟವೋ ಇರಬೇಕು. ಎಸಿ ಹಾಕಿ ತೆಗೆದಾಗ ಬದಲಾದರೆ ಕಂಪ್ರೆಸರ್, ಬೆಲ್ಟಿನ ಟೆನ್ಷನರ್ ನೋಡಿ. ಸೈಲೆನ್ಸರ್ ಪೈಪಿನ ಬಿಸಿ ತಡೆಯುವ ತಗಡು ಸಡಿಲಾಗಿದ್ದರೂ, ಎಂಜಿನ್ ಮೌಂಟಿಂಗ್ ಹರಿದಿದ್ದರೂ ಒಳಗಿನಿಂದಲೇ ಸದ್ದು ಬಂದಂತೆ ತೋರುತ್ತದೆ. ಒಂದು ಬೋಲ್ಟ್ ಬಿಗಿ ಮಾಡಿದರೆ ಹೋಗುವ ಸದ್ದಿಗೆ ಎಂಜಿನ್ ಇಳಿಸುವಂತಾಗಬಾರದು.

6. ಸಿಲಿಂಡರ್ ಒಂದೊಂದಾಗಿ ನಿಲ್ಲಿಸುವ ಪರೀಕ್ಷೆ. ಇದನ್ನು ಮೆಕ್ಯಾನಿಕ್ ಮಾಡಲಿ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಬಿಡಿಸಿದಾಗ ಯಾವ ಸಿಲಿಂಡರಿನಲ್ಲಿ ಬಡಿತ ಕುಗ್ಗುತ್ತದೋ ಅಲ್ಲಿಯ ರಾಡ್ ಬೇರಿಂಗ್ ಅನುಮಾನಕ್ಕೆ ಬರುತ್ತದೆ. ಯಾವುದನ್ನು ನಿಲ್ಲಿಸಿದರೂ ಬದಲಾಗದಿದ್ದರೆ ಸದ್ದು ಬೇರೆ ಕಡೆಯದು.

7. ಆಯಿಲ್ ಪ್ರೆಷರ್ ಅಳತೆ. ಇಷ್ಟೆಲ್ಲದರಲ್ಲಿ ಇದೊಂದನ್ನು ಮಾತ್ರ ಬಿಡಬೇಡಿ. ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಿದ್ದಾಗ ಐಡ್ಲಿಂಗ್‌ನಲ್ಲಿ ಒಮ್ಮೆ, 2000–3000 ಆರ್‌ಪಿಎಂನಲ್ಲಿ ಒಮ್ಮೆ ಓದಬೇಕು. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಮೆಕ್ಯಾನಿಕ್‌ಗಳ ಹಳೆಯ ಅಂದಾಜು. ಅಂತಿಮ ಮಾತು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್‌ನದೇ.

ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿಲ್ಲವಲ್ಲ ಎಂದು ಸಮಾಧಾನಪಡಬೇಡಿ. ಬಹುತೇಕ ಕಾರುಗಳಲ್ಲಿ ಒತ್ತಡ ಅರ್ಧ ಬಾರ್‌ಗಿಂತಲೂ ಕೆಳಗೆ ಬಿದ್ದ ಮೇಲಷ್ಟೇ ಅದು ಹತ್ತುತ್ತದೆ. ದೀಪ ಹತ್ತುವ ಹೊತ್ತಿಗೆ ಬೇರಿಂಗ್ ಉರಿಯಲು ಶುರುವಾಗಿರಬಹುದು.

ಎಚ್ಚರಿಕೆ

ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಚಾಲೂ ಇರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಲು ಯಾರಿಗೂ ಬಿಡಬೇಡಿ. ಹಳೆಯ ಡೀಸೆಲ್ ಜೀಪು, ಟ್ರ್ಯಾಕ್ಟರುಗಳಲ್ಲಿ ಹಾಗೆ ಮಾಡುವ ರೂಢಿಯಿತ್ತು. ಈಗಿನ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ಮೀರಬಹುದು, ಎಳೆಯಾಗಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಾದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಎಂಜಿನ್ನುಗಳಲ್ಲಿ ಸಿಲಿಂಡರ್ ನಿಲ್ಲಿಸುವ ಪರೀಕ್ಷೆಯನ್ನು ಸ್ಕ್ಯಾನರ್‌ನಿಂದಲೇ ಮಾಡಿಸಿ.

ಬಾನೆಟ್ ಎತ್ತಿ ಕೇಳುವಾಗ ಟವೆಲ್, ಸೀರೆಯ ಸೆರಗು, ಸರ, ಬಳೆ ಬೆಲ್ಟಿನಿಂದ ದೂರವಿರಲಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಲು ಶುರುಮಾಡುತ್ತದೆ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ನಿಲ್ಲಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೆಳಗಿನಿಂದ ಭಾರವಾದ ಬಡಿತ ಬರುತ್ತಿದ್ದರೆ, ಅಥವಾ ಕೆಂಪು ದೀಪ ಮಿನುಗಿದರೆ, ಅಲ್ಲೇ ಆಫ್ ಮಾಡಿ. ‘ಹಾಸನದವರೆಗೆ ನಿಧಾನಕ್ಕೆ ಹೋಗಿಬಿಡೋಣ’ ಎಂದು ಹೊರಟರೆ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡಬಹುದು. ಟೋಯಿಂಗ್ ಗಾಡಿಯ ಬಾಡಿಗೆ ಬ್ಲಾಕಿನ ಬೆಲೆಯ ಮುಂದೆ ಏನೂ ಅಲ್ಲ.

ಕಾರಣ ಸಿಕ್ಕ ಮೇಲೆ ದುರಸ್ತಿ

ಅಗ್ಗದ ಕೆಲಸ ಮೊದಲು, ದುಬಾರಿ ಕೆಲಸ ಕೊನೆಗೆ. ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನಲ್ಲೇ ಬದಲಿಸಿ, ಬಿಸಿ ಮಾಡಿ, ಒತ್ತಡ ಮತ್ತೆ ಅಳೆಯಿಸಿ. ಹಳಸಿದ ಆಯಿಲ್ ಒಂದೇ ಕಾರಣವಾಗಿದ್ದರೆ ಇಲ್ಲಿಗೇ ಮುಗಿಯುತ್ತದೆ.

ಬಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ, ಫಿಲ್ಟರನ್ನು ಕತ್ತರಿಸಿ ಒಳಗಿನ ಮಡಿಕೆ ಬಿಡಿಸಿ ನೋಡಿ. ಬೆಳ್ಳಿ ಅಥವಾ ತಾಮ್ರದ ಬಣ್ಣದ ಚೂರುಗಳಿದ್ದರೆ ಬೇರಿಂಗ್ ಸವೆದಿರುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದಕ್ಕೂ ಮೊದಲು ಕಾರಿನ ಕೆಳಗೆ ಬಗ್ಗಿ ಚೇಂಬರ್ ನೋಡಿ. ನಮ್ಮ ಹಳ್ಳಿ ದಾರಿಯ ಎತ್ತರದ ಹಂಪುಗಳಿಗೆ, ತೋಟದ ದಾರಿಯ ಕಲ್ಲಿಗೆ ಅದು ಬಡಿದು ಒಳಕ್ಕೆ ತಗ್ಗಾಗಿರುತ್ತದೆ. ಸೋರಿಕೆ ಇಲ್ಲದ್ದರಿಂದ ಯಾರೂ ಗಮನಿಸುವುದಿಲ್ಲ. ಆದರೆ ಚೇಂಬರಿನ ತಳಕ್ಕೂ ಆಯಿಲ್ ಹೀರುವ ಜಾಲರಿಗೂ ನಡುವೆ ಇರುವ ಅಂತರ ಚಿಕ್ಕದು. ತಳ ಮೇಲಕ್ಕೆದ್ದರೆ ಜಾಲರಿಯ ಬಾಯಿ ಮುಚ್ಚಿದಂತಾಗಿ ಪಂಪಿಗೆ ಆಯಿಲ್ ಸಿಗುವುದಿಲ್ಲ. ಎಂಜಿನ್ ಇಳಿಸದೆ, ಚೇಂಬರ್ ಬಿಚ್ಚಿ ಬದಲಿಸಿ, ಜಾಲರಿ ತೊಳೆದರೆ ಒತ್ತಡ ಮರಳಬಹುದು. ಬೇರಿಂಗ್ ಹೋಗಿದೆ ಎಂಬ ತೀರ್ಪು ಒಪ್ಪುವ ಮೊದಲು ಇದನ್ನು ನೋಡಲೇಬೇಕೆಂದು ಒತ್ತಿ ಹೇಳುತ್ತೇನೆ.

ಟ್ಯಾಪೆಟ್ ಆದರೆ, ಸ್ಕ್ರೂ ಅಥವಾ ಶಿಮ್ ಇರುವ ಎಂಜಿನ್ನಿನಲ್ಲಿ ಫೀಲರ್ ಗೇಜ್ ಹಾಕಿ ಮ್ಯಾನ್ಯುಯಲ್ ಹೇಳಿದ ಅಳತೆಗೆ ತರಬೇಕು. ಅಳತೆ ತಣ್ಣಗಿದ್ದಾಗಿನದೋ ಬಿಸಿಯಿದ್ದಾಗಿನದೋ ಎಂಬುದನ್ನೂ ಗಮನಿಸಿ. ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೆ ಹೊಂದಿಸುವ ಸ್ಕ್ರೂ ಇರುವುದಿಲ್ಲ, ಅವು ಬಿಸಿಯಲ್ಲಿ ಸದ್ದು ಮಾಡಿದರೆ ಮತ್ತೆ ಆಯಿಲ್ ಒತ್ತಡದ ಕಡೆಗೇ ತಿರುಗಬೇಕು. ಸಿಎನ್‌ಜಿ ಕಾರಿನವರು ಟ್ಯಾಪೆಟ್ ಸದ್ದಿಲ್ಲವೆಂದು ನಿಶ್ಚಿಂತರಾಗಬೇಡಿ. ವಾಲ್ವ್ ಸೀಟ್ ಸವೆದು ವಾಲ್ವ್ ಒಳಸರಿದಾಗ ಸಂದು ಕಿರಿದಾಗುತ್ತದೆ, ಸದ್ದೇ ಇಲ್ಲದೆ ವಾಲ್ವ್ ಸುಡುತ್ತದೆ.

ಬೇರಿಂಗೇ ಹೋಗಿದ್ದರೆ ಶೆಲ್ ಮಾತ್ರ ಬದಲಿಸಿ ಕೈತೊಳೆದುಕೊಳ್ಳಬಾರದು. ಕ್ರ್ಯಾಂಕಿನ ಜರ್ನಲನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಗೀರು ಬಿದ್ದಿದ್ದರೆ, ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಶೆಲ್ ಹಾಕಬೇಕು. ಗ್ರೈಂಡಿಂಗ್‌ಗೆ ಅವಕಾಶವಿಲ್ಲದ ಕ್ರ್ಯಾಂಕುಗಳೂ ಇವೆ, ಅವನ್ನು ಬದಲಿಸುವುದೇ ದಾರಿ. ಆಯಿಲ್ ದಾರಿಗಳೊಳಗೆ ಸಿಕ್ಕಿಕೊಂಡ ಲೋಹದ ಪುಡಿಯನ್ನು ತೊಳೆದು ಗಾಳಿ ಹೊಡೆಯದಿದ್ದರೆ ಹೊಸ ಶೆಲ್ ಬೇಗನೆ ಹಾಳಾಗುತ್ತದೆ. ಆಯಿಲ್ ಪಂಪ್ ತಪಾಸಣೆ ಆಗಬೇಕು. ರಾಡ್ ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು, ಒಮ್ಮೆ ಬಿಗಿದರೆ ಮತ್ತೆ ಬಳಸಬಾರದ ಬೋಲ್ಟುಗಳಾದರೆ ಹೊಸವನ್ನೇ ತರಿಸಬೇಕು. ಕೆಲಸ ಒಪ್ಪಿಸುವಾಗ ಈ ಐದನ್ನೂ ಬಾಯಿಬಿಟ್ಟು ಕೇಳಿ.

ಜನ ಮಾಡುವ ತಪ್ಪುಗಳು

ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 0ಡಬ್ಲ್ಯು-20 ಕೇಳುವ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಬಿಸಿಯಲ್ಲಿ ಸದ್ದು ತಗ್ಗುವುದು ನಿಜ. ಆದರೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಮೇಲಿನ ಕ್ಯಾಮ್‌ಗೆ ಆಯಿಲ್ ತಲುಪುವುದು ತಡವಾಗಿ ಅಲ್ಲಿಯೂ ಸವೆತ ಶುರುವಾಗುತ್ತದೆ. ಬೇರಿಂಗ್ ಸವೆತ ನಿಲ್ಲುವುದಿಲ್ಲ, ನಿಮಗೆ ಕೇಳಿಸುವುದು ಮಾತ್ರ ನಿಲ್ಲುತ್ತದೆ. ಹಳೆಯ ಕಾರು ಮಾರುವವರು ಇದನ್ನೇ ಮಾಡಿರಬಹುದು. ಕೊಳ್ಳುವ ಮೊದಲು ಕಾರನ್ನು ಪೂರ್ತಿ ಬಿಸಿ ಮಾಡಿ, ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಕೇಳಿ. ಯಾವ ಗ್ರೇಡಿನ ಆಯಿಲ್ ಹಾಕಿದೆ ಎಂಬ ಸರ್ವಿಸ್ ಬಿಲ್ ಕೇಳಿ.

ಇನ್ನೊಂದು ತಪ್ಪು ಬೇಲೂರು–ಹಳೇಬೀಡು ಸುತ್ತುವ ಟ್ಯಾಕ್ಸಿಗಳಲ್ಲಿ ಹೆಚ್ಚು. ಪ್ರವಾಸಿಗರು ಚೆನ್ನಕೇಶವನನ್ನು ನೋಡಿ ಬರುವವರೆಗೆ ಪಾರ್ಕಿಂಗ್‌ನಲ್ಲಿ ಎಸಿ ಹಾಕಿ ಎಂಜಿನ್ ಓಡಿಸುತ್ತಲೇ ಕೂರುತ್ತಾರೆ. ಆಯಿಲ್ ಬಿಸಿ, ಪಂಪ್ ನಿಧಾನ, ಒತ್ತಡ ಕನಿಷ್ಠ: ಸವೆದ ಬೇರಿಂಗಿಗೆ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಆ ಗಂಟೆಗಳು ಕಿಲೋಮೀಟರ್ ಮೀಟರಿನಲ್ಲಿ ಏರುವುದೂ ಇಲ್ಲ. ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂಬ ಲೆಕ್ಕ ಇಂಥ ಗಾಡಿಗೆ ಹೊಂದುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಕಠಿಣ ಬಳಕೆಗೆಂದು ಬೇರೆ ಅವಧಿ ಕೊಟ್ಟಿರುತ್ತಾರೆ, ಅದನ್ನು ಪಾಲಿಸಿ.

ಮೆಕ್ಯಾನಿಕ್ ಹತ್ತಿರ ‘ಸೌಂಡ್ ಬರ್ತಿದೆ ನೋಡಣ್ಣ’ ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟು ಹೋಗುವುದೂ ತಪ್ಪೇ. ಅವರು ನೋಡುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತದೆ. ‘ಬಿಸಿಯಾದ್ಮೇಲೆ ಮಾತ್ರ, ಐಡ್ಲಿಂಗಲ್ಲಿ, ಕೆಳಗಡೆಯಿಂದ ಬರ್ತಿದೆ ಅಣ್ಣ, ಕ್ಲಚ್ ಒತ್ತಿದ್ರೆ ಬದಲಾಗಲ್ಲ. ಬಿಚ್ಚೋಕೆ ಮುಂಚೆ ಪ್ರೆಷರ್ ಅಳೆದು ಹೇಳಿ’ ಎಂದು ಹೇಳಿ, ಎರಡೂ ರೆಕಾರ್ಡಿಂಗ್ ಕೇಳಿಸಿ. ಒಳ್ಳೆಯ ಮೆಕ್ಯಾನಿಕ್‌ಗೆ ಇಷ್ಟು ಸಿಕ್ಕರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ದುರಸ್ತಿಯಾದ ಮೇಲೆ

ಹೊಸ ಬೇರಿಂಗ್ ಹಾಕಿದ ಎಂಜಿನ್ನನ್ನು ನೇರವಾಗಿ ಸ್ಟಾರ್ಟ್ ಮಾಡಬಾರದು. ಇಂಧನ ಮತ್ತು ಇಗ್ನಿಷನ್ ಕಡಿದು, ಸೆಲ್ಫ್ ಮಾತ್ರ ಸ್ವಲ್ಪ ಸ್ವಲ್ಪ ಹೊಡೆದು, ಆಯಿಲ್ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಬೇಕು. ಮೊದಲ ಸಾವಿರ ಕಿಲೋಮೀಟರ್ ಭಾರ ಹೇರಬೇಡಿ, ತೆಂಗಿನಕಾಯಿ ಮೂಟೆ ಹಿಂದಿನ ಸೀಟಿಗೆ ಬೇಡ, ಘಾಟಿಯ ಪ್ರಯಾಣ ಮುಂದೂಡಿ, ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ತುಂಬ ಹೊತ್ತು ಓಡಿಸಬೇಡಿ. ಆ ಸಾವಿರ ಮುಗಿಯುವಷ್ಟರಲ್ಲಿ ಆಯಿಲ್, ಫಿಲ್ಟರ್ ಬದಲಿಸಿ, ಬಸಿದದ್ದನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಬಿಸಿ ಐಡ್ಲಿಂಗ್‌ನಲ್ಲಿ ಒತ್ತಡ ಎಷ್ಟಿತ್ತು ಎಂಬುದನ್ನು ದಿನಾಂಕ, ಕಿಲೋಮೀಟರ್ ಸಹಿತ ಸರ್ವಿಸ್ ಪುಸ್ತಕದಲ್ಲಿ ಬರೆಯಿಸಿಡಿ. ಮುಂದಿನ ಸರ್ವಿಸಿನಲ್ಲಿ ಅದಕ್ಕೆ ಹೋಲಿಸಿ ನೋಡಲು ಬೇಕಾಗುತ್ತದೆ.